ಐದೂವರೆ ವರ್ಷದವನಿಗೆ ಕೃತಜ್ಞತೆ, ಕರುಣೆ ಕಲಿಸುದು ಹೇಗೆ? ಅನುಭವ ಇದ್ದವರು ಹೇಳಿ

ಬಿಜೈ_ಅಮ್ಮ (ಮಂಗಳೂರು)

ಸ್ವಲ್ಪ ಉದ್ದ ಉಂಟು, ತಾಳ್ಮೆಯಿಂದ ಓದಿ ಪ್ಲೀಸ್.

ಮಗನಿಗೆ ಐದೂವರೆ, ಯುಕೆಜಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಅತ್ತೆ ಇದ್ದಾರೆ, ಬೆಳಿಗ್ಗೆ ಪಾತ್ರೆ-ನೆಲಕ್ಕೆ ಒಬ್ಬರು ಅಕ್ಕ ಬರ್ತಾರೆ. ಕಳೆದ ವಾರ ನನ್ನ ಅಮ್ಮ ಕಿನ್ನಿಗೋಳಿಯಿಂದ ಬಂದ್ರು. ಈ ಮಳೆಯಲ್ಲಿ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ ಹತ್ತಿ, ಎರಡು ಚೀಲ ಹೊತ್ಕೊಂಡು. ಒಂದರಲ್ಲಿ ಹಲಸಿನ ಹಪ್ಪಳ, ಪುನರ್ಪುಳಿ ಸಿಪ್ಪೆ. ಇನ್ನೊಂದರಲ್ಲಿ ಇವನಿಗೆ ಅಂತ ಒಂದು ಆಟದ ಜೆಸಿಬಿ. ಇವ ಅದನ್ನು ತಿರುಗಿಸಿ ನೋಡಿದ. "ಇದು ರಿಮೋಟಿಂದಲ್ಲ, ನಂಗೆ ಬೇಡ" ಅಂತ ಸೋಫಾದ ಮೇಲೆ ಬಿಸಾಡಿ ಟಿವಿ ಎದುರು ಹೋಗಿ ಕೂತ. ಅಮ್ಮ "ಮಗು ಅಲ್ವಾ" ಅಂತ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು.

ಇದೊಂದೇ ಅಲ್ಲ. ಕೆಲಸದ ಅಕ್ಕನಿಗೆ "ನೀರು ತಾ" ಅಂತಾನೆ, ನಮ್ಮ ಯಾರ ಬಾಯಲ್ಲೂ ಆ ಮಾತು ಬರುದಿಲ್ಲ, ಎಲ್ಲಿ ಕಲಿತನೋ. ಫ್ಲ್ಯಾಟಿನ ಕೆಳಗೆ ಒಂದು ಸಣ್ಣ ಹುಡುಗಿ ಸೈಕಲಿನಿಂದ ಬಿದ್ದು ಮೊಣಕಾಲು ಕೆತ್ತಿಕೊಂಡು ಅಳುವಾಗ ಇವ ನಗ್ತಾ ನಿಂತಿದ್ದ.

ಗಂಡ ಹೇಳುದು, ಮುಂದಿನ ಹುಟ್ಟುಹಬ್ಬಕ್ಕೆ ಯಾವುದಾದ್ರೂ ಆಶ್ರಮಕ್ಕೆ ಕರ್ಕೊಂಡು ಹೋಗುವ, ಇಲ್ಲದ ಮಕ್ಕಳು ಹೇಗಿರ್ತಾರೆ ಅಂತ ನೋಡ್ಲಿ. ಅತ್ತೆ ಹೇಳುದು, ಎರಡು ಬಿಗಿದ್ರೆ ಸರಿಯಾಗ್ತದೆ. ನನಗೆ ಎರಡೂ ಮನಸ್ಸಿಗೆ ಬರುದಿಲ್ಲ. ನಿಮ್ಮ ಮನೆಯಲ್ಲಿ ಎಂತ ಮಾಡ್ತೀರಿ?

ಕುಂಜಿಬೆಟ್ಟು_ಟೀಚರ್ (ಉಡುಪಿ)

ಮೊದಲು ಸಮಾಧಾನ ಮಾಡ್ಕೊಳ್ಳಿ. ಐದೂವರೆಯ ಹುಡುಗನನ್ನು ಕೃತಘ್ನ ಅಂತ ತೀರ್ಮಾನ ಮಾಡುವ ಹಾಗಿಲ್ಲ. ನಾನು ಸಣ್ಣ ತರಗತಿಗಳಿಗೇ ಪಾಠ ಮಾಡುವವಳು, ಆದ್ದರಿಂದ ಸ್ವಲ್ಪ ಶಾಲೆ ಮಾತು ಬರುತ್ತದೆ, ಕ್ಷಮಿಸಿ.

ಮಕ್ಕಳ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಪರೀಕ್ಷೆ ಇದೆ. ಒಂದು ಗೊಂಬೆ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಅದು ಇಲ್ಲದಾಗ ಇನ್ನೊಂದು ಗೊಂಬೆ ಗೋಲಿಯನ್ನು ತೆಗೆದು ಪೆಟ್ಟಿಗೆಯೊಳಗೆ ಹಾಕುತ್ತದೆ. ಮೊದಲನೆಯದು ವಾಪಸ್ ಬಂದು ಎಲ್ಲಿ ಹುಡುಕುತ್ತದೆ? ಮೂರು ವರ್ಷದ ಹೆಚ್ಚಿನ ಮಕ್ಕಳು "ಪೆಟ್ಟಿಗೆಯಲ್ಲಿ" ಅನ್ನುತ್ತಾರೆ, ಯಾಕೆಂದರೆ ಗೋಲಿ ಅಲ್ಲಿರುವುದು ತಮಗೆ ಗೊತ್ತು. ನಾಲ್ಕು, ಐದರ ಹೊತ್ತಿಗೆ "ಬುಟ್ಟಿಯಲ್ಲಿ" ಅನ್ನಲು ಶುರು ಮಾಡುತ್ತಾರೆ. ಇನ್ನೊಬ್ಬರ ತಲೆಯೊಳಗೆ ಬೇರೆಯೇ ಲೆಕ್ಕ ಇರುತ್ತದೆ ಎಂಬ ತಿಳಿವಳಿಕೆ ಬರುವುದೇ ಆ ವಯಸ್ಸಿಗೆ. ನಿಮ್ಮ ಮಗನಿಗೆ ಅದು ಬಂದಿರಬಹುದು, ಆದರೆ ಹೊಸತು. ಅಜ್ಜಿ ಅಂಗಡಿಯಲ್ಲಿ ನಿಂತು "ಇವನಿಗೆ ಯಾವುದು ಇಷ್ಟ" ಅಂತ ಯೋಚಿಸಿದ್ದು, ಮಳೆಯಲ್ಲಿ ಬಸ್ಸಿಗೆ ಕಾದದ್ದು, ಇದನ್ನೆಲ್ಲ ಅವನು ನೋಡಿಲ್ಲ. ಕಂಡದ್ದು ಜೆಸಿಬಿ ಒಂದೇ.

ಅಳುವ ಮಗುವನ್ನು ನೋಡಿ ನಗುವುದು ಹೆಚ್ಚಾಗಿ ಗಾಬರಿಯ ನಗು. ಆಗ "ನಾಚಿಕೆ ಆಗುದಿಲ್ವಾ" ಅಂದರೆ ಮಗು ತನ್ನ ನಾಚಿಕೆಯಲ್ಲೇ ಮುಳುಗುತ್ತದೆ, ಬಿದ್ದವಳು ಮರೆತೇ ಹೋಗುತ್ತಾಳೆ. ನಾನು ಹೇಳುವುದು ಇಷ್ಟು: "ಅವಳಿಗೆ ಮೊಣಕಾಲು ಉರೀತಾ ಉಂಟು. ಹೋಗಿ ಸೈಕಲ್ ಎತ್ತಿ ನಿಲ್ಲಿಸು." ಕೈಗೆ ಒಂದು ಕೆಲಸ ಕೊಡಿ, ಮುಖದ ನಗು ತಾನೇ ಹೋಗುತ್ತದೆ.

ಸುರತ್ಕಲ್_ಅಪ್ಪ

ನಾವು ಸ್ಟಾರ್ ಚಾರ್ಟ್ ಮಾಡಿದ್ದೇವೆ ಟೀಚರ್. ಫ್ರಿಜ್ಜಿಗೆ ಅಂಟಿಸಿದ್ದು. ಥ್ಯಾಂಕ್ಸ್ ಹೇಳಿದ್ರೆ ಒಂದು ಸ್ಟಾರ್, ತಂಗಿಗೆ ಏನಾದ್ರೂ ಕೊಟ್ರೆ ಎರಡು, ಹತ್ತಾದ್ರೆ ಗಡ್‌ಬಡ್ ಐಸ್‌ಕ್ರೀಮ್. ಮಗಳು ಈಗ ಎಲ್ಲದಕ್ಕೂ ಥ್ಯಾಂಕ್ಸ್ ಹೇಳ್ತಾಳೆ. ನಮಗೆ ಒಳ್ಳೆ ಕೆಲಸ ಮಾಡಿದೆ.

ಮತ್ತೆ ಆಶ್ರಮದ ವಿಷಯ: ಬಿಜೈ ಅಕ್ಕ, ನಿಮ್ಮ ಯಜಮಾನರು ಹೇಳಿದ್ದರಲ್ಲಿ ತಪ್ಪೇನು? ನಾವು ಪ್ರತಿ ವರ್ಷ ಮಗಳ ಬರ್ತ್‌ಡೇಗೆ ಒಂದು ಮಕ್ಕಳ ಆಶ್ರಮಕ್ಕೆ ಹೋಗಿ ಕೇಕ್ ಕಟ್ ಮಾಡಿ, ಬಿರಿಯಾನಿ ಹಂಚಿ ಬರ್ತೇವೆ. ಹಾಲ್ ಮಾಡಿ ಐವತ್ತು ಜನ ಕರೆಯುವುದಕ್ಕಿಂತ ಸಾವಿರ ಪಾಲು ಮೇಲು.

ಕುಂಜಿಬೆಟ್ಟು_ಟೀಚರ್

ಸ್ಟಾರ್ ಬಗ್ಗೆ ಒಂದು ಮಾತು ಅಣ್ಣ. ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಎಂಬ ಇಬ್ಬರು ಸಂಶೋಧಕರು 2006ರಲ್ಲಿ 18 ತಿಂಗಳ ಮಕ್ಕಳ ಎದುರು ಬಟ್ಟೆ ಒಣಗಿಸುವ ನಾಟಕ ಮಾಡಿ, ಕ್ಲಿಪ್ಪು ಕೈಜಾರಿ ಬಿದ್ದ ಹಾಗೆ ಮಾಡಿ, ಎಟುಕದವರ ಹಾಗೆ ಕೈಚಾಚಿದರು. ಯಾರೂ ಹೇಳದೆ ಹೆಚ್ಚಿನ ಮಕ್ಕಳು ಹೋಗಿ ಹೆಕ್ಕಿ ಕೊಟ್ಟವು. ಎರಡು ವರ್ಷದ ಮೇಲೆ ಇನ್ನೊಂದು ಪ್ರಯೋಗ, 20 ತಿಂಗಳ ಮಕ್ಕಳ ಮೇಲೆ. ಸಹಾಯ ಮಾಡಿದಾಗೆಲ್ಲ ಕೆಲವು ಮಕ್ಕಳಿಗೆ ಬಹುಮಾನ, ಕೆಲವಕ್ಕೆ ಬಾಯಿಮಾತಿನ ಹೊಗಳಿಕೆ, ಕೆಲವಕ್ಕೆ ಏನೂ ಇಲ್ಲ. ಆಮೇಲೆ ಬಹುಮಾನ ನಿಲ್ಲಿಸಿ ನೋಡಿದರೆ, ಅದನ್ನು ಪಡೆದ ಮಕ್ಕಳೇ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದವು.

ಹಲ್ಲುಜ್ಜಲು, ಆಟಿಕೆ ಎತ್ತಿಡಲು ಚಾರ್ಟ್ ಇರಲಿ, ನನ್ನ ತಕರಾರಿಲ್ಲ. ತಂಗಿಗೆ ಕೊಟ್ಟದ್ದಕ್ಕೆ ಮಾತ್ರ ಬೆಲೆ ಕಟ್ಟಬೇಡಿ.

ಮಲ್ಪೆ_ಬಂದರ್

ಟೀಚರ್ ಹೇಳಿದ್ದಕ್ಕೆ ನನ್ನದೊಂದು ಸೇರಿಸ್ತೇನೆ. ನನ್ನ ಅಪ್ಪ ಬೋಟಿಗೆ ಹೋಗ್ತಿದ್ದವರು, ನಾನು ಬ್ಯಾಂಕಿನಲ್ಲಿ. ಮಗಳಿಗೆ ಆರು. ಮೀನು ಅಂದ್ರೆ ಮಸಾಲೆ ಹಚ್ಚಿ ತಟ್ಟೆಗೆ ಬರುವ ವಸ್ತು ಅಂತ ಅವಳ ಲೆಕ್ಕ. "ಇವತ್ತೂ ಬಂಗುಡೆಯಾ" ಅಂತ ಮುಖ ಸಿಂಡರಿಸುದು. ಬೈದು ಪ್ರಯೋಜನ ಇಲ್ಲ ಅಂತ ಒಂದು ಬೆಳಿಗ್ಗೆ ಬಂದರಿಗೆ ಕರ್ಕೊಂಡು ಹೋದೆ. ಕತ್ತಲೆ ಇರುವಾಗಲೇ. ಬೋಟಿನಿಂದ ಬುಟ್ಟಿ ಇಳಿಸುವವರು, ಐಸ್ ಒಡೆಯುವವರು, ಕೂತು ಮೀನು ವಿಂಗಡಿಸುವ ಹೆಂಗಸರು, ಹರಿದ ಬಲೆಗೆ ಸೂಜಿ ಹಾಕುವ ಮುದುಕರು. ನಾನು ಒಂದು ಮಾತೂ ಉಪದೇಶ ಹೇಳ್ಲಿಲ್ಲ. ವಾಪಸ್ ಬರುವಾಗ ಅವಳೇ ಕೇಳಿದ್ಲು, "ಅವ್ರು ರಾತ್ರಿ ಎಲ್ಲಿ ಮಲಗುದು?"

ಮನೆಗೆ ಮೀನು ತರುವ ಅಕ್ಕ ಒಬ್ಬರು ಇದ್ದಾರೆ. ತಲೆಯ ಮೇಲೆ ಬುಟ್ಟಿ. ಗೇಟಿನ ಹತ್ತಿರ ಬಂದು "ಮೀನ್ ಬೇಕಾ" ಅಂತ ಕರೆದ್ರೆ ಯಾರಾದ್ರೂ ಹೋಗಿ ಇಳಿಸ್ಲಿಕ್ಕೆ ಒಂದು ಬದಿ ಹಿಡೀಬೇಕು, ಒಬ್ಬರಿಂದ ಆಗುದಿಲ್ಲ. ಈಗ ಮಗಳು ನನ್ನ ಹೆಂಡತಿ ಜೊತೆ ಹೋಗಿ ತಾನೂ ಕೈ ಕೊಡ್ತಾಳೆ. ಭಾರ ಎಲ್ಲ ದೊಡ್ಡವರದ್ದೇ, ಆದ್ರೂ ಆ ಬುಟ್ಟಿಯಿಂದ ಐಸ್ ನೀರು ಅವಳ ಕೈಮೇಲೆ ಇಳೀತದೆ, ಅಕ್ಕನ ಸಿಂಬಿ ಒದ್ದೆಯಾಗಿ ಹಣೆಗೆ ಅಂಟಿದ್ದು ಹತ್ತಿರದಿಂದ ಕಾಣ್ತದೆ. ಆಮೇಲೆ ಒಳಗೆ ಓಡಿ ನೀರು-ಬೆಲ್ಲ ತರುದು ಅವಳದ್ದೇ ಡ್ಯೂಟಿ. ಮೊದಲು ನಮ್ಮ ಊರಲ್ಲಿ ಯಾರೇ ಜಗಲಿಗೆ ಬಂದ್ರೂ ಮೊದಲು ನೀರು-ಬೆಲ್ಲ, ಆಮೇಲೆ ಮಾತು. ಅದನ್ನು ನಾವು ಮಗಳ ಕೈಯಲ್ಲಿ ಮತ್ತೆ ಶುರು ಮಾಡಿಸಿದ್ದು. ಗ್ಯಾಸ್ ಸಿಲಿಂಡರಿನವರಿಗೂ ಉಂಟು, ಕೊರಿಯರ್ ಹುಡುಗನಿಗೂ ಉಂಟು. ಕೊರಿಯರ್ ಹುಡುಗ ಬೆಲ್ಲ ನೋಡಿ ಎಂತ ಮಾಡುದು ಅಂತ ಗೊತ್ತಾಗದೆ ಕಿಸೆಗೆ ಹಾಕ್ಕೊಂಡ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಅಲ್ವಾ. ಆಗ ಬುಟ್ಟಿ ಹಗುರ, ರೇಟು ಜೋರು. "ಅಕ್ಕ ಯಾಕೆ ನಿನ್ನೆ ಬರ್ಲಿಲ್ಲ?" ಅಂತ ಮಗಳು ಕೇಳುವಾಗ ಹೇಳ್ಲಿಕ್ಕೆ ಒಳ್ಳೆ ಸಮಯ, ಮೀನು ಮೊಟ್ಟೆಯಿಡುವ ಕಾಲ, ಸಮುದ್ರಕ್ಕೂ ಸ್ವಲ್ಪ ಬಿಡುವು ಬೇಕು, ಆ ಎರಡು ತಿಂಗಳು ಅಕ್ಕನ ಮನೆಯಲ್ಲಿ ಖರ್ಚಿಗೆ ಕಷ್ಟ ಅಂತ. ಆಗಸ್ಟಿನಲ್ಲಿ ಸಮುದ್ರ ಪೂಜೆಗೆ ವಡಭಾಂಡೇಶ್ವರದ ಹತ್ತಿರ ಹಾಲು, ಹೂ ಸಮುದ್ರಕ್ಕೆ ಬಿಡುದನ್ನು ಅವಳಿಗೆ ತೋರಿಸ್ತೇವೆ.

ಒಳಗಿನವಳು

ಸುರತ್ಕಲ್ ಅಣ್ಣನಿಗೆ ಬೇಜಾರಾಗಬಹುದು, ಆದರೂ ಹೇಳಬೇಕು. ನಾನು ಒಂದು ಮಕ್ಕಳ ಪಾಲನಾ ಸಂಸ್ಥೆಯಲ್ಲಿ ಕೆಲಸ ಮಾಡುವವಳು. ಹೆಸರು, ಊರು ಬೇಡ.

ನಮ್ಮಲ್ಲಿ ಕೆಲವು ವಾರ ಎರಡೆರಡು, ಮೂರು ಮೂರು ಹುಟ್ಟುಹಬ್ಬ ಬರುತ್ತವೆ. ಕಾರು ಗೇಟಿನೊಳಗೆ ಬಂದ ಕೂಡಲೇ ನಮ್ಮ ಮಕ್ಕಳಿಗೆ ಗೊತ್ತು: ಕೈಕಾಲು ತೊಳೆಯಬೇಕು, ಸಾಲಾಗಿ ನಿಲ್ಲಬೇಕು, ಹಾಡಬೇಕು, ಚಪ್ಪಾಳೆ ತಟ್ಟಬೇಕು. ಕೇಕ್ ಕಟ್ ಮಾಡುವ ಮಗು ಹೊಸ ಫ್ರಾಕ್ ಹಾಕಿಕೊಂಡು ಅಮ್ಮನ ಸೆರಗು ಹಿಡಿದು ನಿಂತಿರುತ್ತದೆ, ಅದಕ್ಕೂ ಭಯ. ನಮ್ಮ ಒಂಬತ್ತು ವರ್ಷದವನೊಬ್ಬ ಇದ್ದಾನೆ, ಅವನಿಗೆ ಕೇಕಿನ ಕ್ರೀಮ್ ಸೇರುವುದಿಲ್ಲ. ಆದರೂ ಫೋಟೊ ತೆಗೆಯುವವರೆಗೆ ಬಾಯಲ್ಲಿಟ್ಟುಕೊಂಡು ನಿಂತಿರುತ್ತಾನೆ, ಅವರು ತಿರುಗಿದ ಮೇಲೆ ಬಚ್ಚಲಿಗೆ ಓಡುತ್ತಾನೆ. ಎಲ್ಲ ಮುಗಿದು ಹೋಗುವಾಗ ಅಪ್ಪ-ಅಮ್ಮ ತಮ್ಮ ಮಗುವಿಗೆ ಇವರೆದುರೇ ಹೇಳುತ್ತಾರೆ, "ನೋಡಿದ್ಯಾ, ಇವರಿಗೆ ಅಪ್ಪ ಅಮ್ಮ ಇಲ್ಲ, ನಿಂಗೆ ಎಲ್ಲ ಉಂಟು." ಕೇಳುವ ಮಕ್ಕಳು ಕಿವುಡರಲ್ಲ. ಅಂದ ಹಾಗೆ ನಮ್ಮಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ, ಸಾಕುವ ಪರಿಸ್ಥಿತಿ ಇಲ್ಲ ಅಷ್ಟೇ.

ಅಲ್ಲಿಂದ ನಿಮ್ಮ ಮಗು ಕಲಿಯುವುದು ಎಂತದ್ದು? ನಾನು ಮೇಲೆ, ಅವರು ಕೆಳಗೆ. ಇದಕ್ಕೆ ಕರುಣೆ ಅಂತ ಹೆಸರಿಡಬೇಡಿ.

ಇನ್ನೊಂದು. ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾರಲ್ಲ, 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಸಿಗುವ ಹಾಗೆ ಹೆಸರು, ಫೋಟೊ ಪ್ರಕಟಿಸುವಂತಿಲ್ಲ. ಗೊತ್ತಿಲ್ಲದೆ ಮಾಡುವವರೇ ಹೆಚ್ಚು.

ಸುರತ್ಕಲ್_ಅಪ್ಪ

ಬೇಜಾರು ಆಯ್ತು, ಸುಳ್ಳು ಯಾಕೆ ಹೇಳ್ಲಿ. ಹಾಗಾದ್ರೆ ಯಾರೂ ಬರುದೇ ಬೇಡ, ಕೊಡುದೇ ಬೇಡ ಅಂತಲಾ? ನಾವು ಹತ್ತು ರೂಪಾಯಿ ಕೊಟ್ಟು ನೂರು ಫೋಟೊ ತೆಗೆಯುವವರಲ್ಲ. ಮಗಳು ಅಲ್ಲಿಯ ಒಂದು ಹುಡುಗಿಯ ಹೆಸರು ಈಗಲೂ ಹೇಳ್ತಾಳೆ.

ಒಳಗಿನವಳು

ಬನ್ನಿ ಅಣ್ಣ, ಖಂಡಿತ ಬನ್ನಿ. ಬರುವ ಮೊದಲು ಒಂದು ಫೋನ್ ಮಾಡಿ "ಎಂತ ಬೇಕು" ಅಂತ ಕೇಳಿ. ಮೇ ಕೊನೆಗೆ ನಮಗೆ ಬೇಕಾದದ್ದು ಕೊಡೆ, ರೈನ್‌ಕೋಟ್, ರಬ್ಬರ್ ಚಪ್ಪಲಿ. ಪ್ರತಿ ಮಗುವಿನ ಕಾಲಿನ ಸೈಜ್ ಬರೆದ ಪಟ್ಟಿ ನಮ್ಮ ಹತ್ತಿರ ಇರುತ್ತದೆ. ಮಗಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಆ ಪಟ್ಟಿ ಹಿಡಿದು ಆರಿಸಲು ಬಿಡಿ. 'ಸೈಜ್ 2, ನೀಲಿ ಬಣ್ಣ ಇಷ್ಟ' ಅಂತ ಇರುವ ಕಡೆ ಅವಳು ನೀಲಿಯನ್ನೇ ಹುಡುಕಿದರೆ, ಕೇಕಿನಿಂದ ಸಿಗದದ್ದು ಅಲ್ಲಿ ಸಿಕ್ಕಿತು. ಅವಳು ಹೆಸರು ನೆನಪಿಟ್ಟುಕೊಂಡ ಹುಡುಗಿಯ ಜೊತೆ ಆಡಲಿಕ್ಕೆ ಅಂತಲೇ ಒಂದು ಸಾದಾ ಭಾನುವಾರ ಬನ್ನಿ. ಕೇರಂ ಬೋರ್ಡ್ ಉಂಟು, ಪೌಡರ್ ಮಾತ್ರ ತನ್ನಿ.

ಉಳ್ಳಾಲ_ಉಮ್ಮ

ಒಳಗಿನವಳು ಅಕ್ಕ ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಪೆರ್ನಾಳ್ (ರಂಜಾನ್ ಹಬ್ಬದ) ನಮಾಜಿಗೆ ಮೊದಲು ಫಿತ್ರ್ ಝಕಾತ್, ಅಂದ್ರೆ ಬಡವರಿಗೆ ಸಲ್ಲುವ ದಾನ, ಕೊಡಬೇಕು. ತಲೆಗೆ ಇಷ್ಟು ಅಂತ ಅಕ್ಕಿ, ಸುಮಾರು ಎರಡೂವರೆ-ಮೂರು ಕಿಲೋ. ಮನೆಯಲ್ಲಿ ಮೊನ್ನೆ ಹುಟ್ಟಿದ ಮಗು ಇದ್ರೆ ಅದರ ಲೆಕ್ಕದ್ದೂ ಕೊಡಬೇಕು. ಇದು ನನ್ನ ಮಗನಿಗೆ ಭಾರೀ ಇಷ್ಟವಾದ ವಿಷಯ. "ಇದು ನನ್ನ ಪಾಲಿಂದು" ಅಂತ ತನ್ನ ಸೇರಿನ ಅಕ್ಕಿ ತಾನೇ ಅಳೆದು ಚೀಲಕ್ಕೆ ಹಾಕ್ತಾನೆ. ಹಾಲು ಕುಡಿಯುವ ತಂಗಿಯ ಪಾಲನ್ನೂ ಅವನೇ ಅಳೆಯುದು, ಸ್ವಲ್ಪ ಕಡಿಮೆ ಹಾಕ್ಲಿಕ್ಕೆ ನೋಡ್ತಾನೆ, ಸಣ್ಣವಳಲ್ವಾ ಅಂತ! ಇಲ್ಲ ಮಗಾ, ಅಳತೆ ಎಲ್ಲರಿಗೂ ಒಂದೇ.

ಕೊಡ್ಲಿಕ್ಕೆ ರಾತ್ರಿ ಹೋಗುದು. ಅವರ ಮನೆಯ ಹಿಂಬಾಗಿಲಿಗೆ. ಸಲಾಂ ಹೇಳಿ ಚೀಲ ಇಟ್ಟು ಬರುದು, ಕೂತು ಕಷ್ಟ-ಸುಖ ವಿಚಾರಿಸುದು ಬೇರೆ ದಿನ. ಯಾರ ಮನೆಗೆ ಅಂತ ಮದ್ರಸದಲ್ಲಿ, ಶಾಲೆಯಲ್ಲಿ ಬಾಯಿ ಬಿಡಬಾರದು. ಈ ಗುಟ್ಟು ಕಾಪಾಡುದು ಮಕ್ಕಳಿಗೆ ಆಗುದಿಲ್ಲ ಅಂತ ನಾವು ತಿಳೀತೇವೆ. ಆಗ್ತದೆ.

ಬೊಂದೇಲ್_ಮಾಂಯ್

ನಮ್ಮ ಕ್ರೈಸ್ತರಲ್ಲಿ ಇದಕ್ಕೇ ಒಂದು ಹಬ್ಬ ಉಂಟು, ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟಿದ ಹಬ್ಬ. ಸೆಪ್ಟೆಂಬರ್ 8. ಅದಕ್ಕೆ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ಹೂ ತೆಗೆದುಕೊಂಡು ಹೋಗಿ ಬಾಲೆ ಮರಿಯಮ್ಮನಿಗೆ ಅರ್ಪಿಸುದು. ನಾವು ಸಣ್ಣವರಿರುವಾಗ ತೋಟದ ಬದಿ, ಗದ್ದೆ ಬದಿ ಸುತ್ತಿ ಹೂ ಕೊಯ್ದು, ಪಕ್ಕದ ಮನೆಯವರ ದಾಸವಾಳಕ್ಕೆ "ಬಾಯಮ್ಮ, ಎರಡು ಹೂ ಕೊಯ್ಯಬಹುದಾ" ಅಂತ ಕೇಳಿ ತರುದು. ಹಬ್ಬದ ದಿನ ಹೊಸ ತೆನೆ ಆಶೀರ್ವಾದ ಮಾಡಿ ಮನೆಮನೆಗೆ ಕೊಡ್ತಾರೆ. ಅದರ ಕಾಳು ಬಿಡಿಸಿ ಹಾಲಿಗೆ ಹಾಕಿ ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಎಲ್ಲರಿಗೂ ಕೊಡುದು, ಆಮೇಲೆ ಬಾಳೆಲೆಯಲ್ಲಿ ಊಟ, ಆ ದಿನ ಮೀನು-ಮಾಂಸ ಇಲ್ಲ. ದೂರ ಇರುವವರಿಗೆ ಅಂತ ತೆನೆ ತೆಗೆದಿಡುದು. ನಮ್ಮ ಮಾಂಯ್ ಕುವೈಟಿನಲ್ಲಿದ್ದ ತಮ್ಮನಿಗೆ ಲಕೋಟೆಯೊಳಗೆ ಹಾಕಿ ಕಳಿಸ್ತಿದ್ರು.

ಈಗ ಎಲ್ಲ ಮಾರ್ಕೆಟಿನ ಸೇವಂತಿಗೆ. ಐವತ್ತು ರೂಪಾಯಿ ಕೊಟ್ರೆ ಬುಟ್ಟಿ ರೆಡಿ. ನಾನು ಮೊಮ್ಮಕ್ಕಳಿಗೆ ಹಣ ಕೊಡುದಿಲ್ಲ. ಅಪಾರ್ಟ್‌ಮೆಂಟ್ ಆದ್ರೂ ಸರಿ, ಕೆಳಗಿನ ಮನೆಯವರ ಕುಂಡದಿಂದ ಕೇಳಿ ತನ್ನಿ ಅಂತೇನೆ. ಕೇಳುವ ಅಭ್ಯಾಸ ತಪ್ಪಿದ ಮೇಲೆ ಉಪಕಾರ ಸ್ಮರಣೆ ಎಲ್ಲಿಂದ ಬರ್ಬೇಕು?

ಪುತ್ತೂರು_ಅಜ್ಜ

ಎಲ್ಲ ಓದಿದೆ. ಈಗಿನವರು ಸಂಶೋಧನೆ ಗಿಂಶೋಧನೆ ಅಂತ ಹೇಳ್ತೀರಿ. ನಮ್ಮ ಕಾಲದಲ್ಲಿ ಗಂಜಿಯ ಬಟ್ಟಲಲ್ಲಿ ಒಂದು ಅಗುಳು ಬಿಟ್ರೆ ತಲೆಗೆ ಒಂದು ಬೀಳ್ತಿತ್ತು. ನಾವೇನು ಹಾಳಾಗಿದ್ದೇವಾ?

ಆದ್ರೆ ಒಂದು ಒಳ್ಳೆ ಕ್ರಮ ಇತ್ತು, ಅದನ್ನು ಹೇಳ್ತೇನೆ. ಫೆಬ್ರವರಿಯಲ್ಲಿ ನಮ್ಮ ತುಳುನಾಡಿನ ಹಬ್ಬ ಕೆಡ್ಡಸ ಬರ್ತದೆ. ಮೂರು ದಿನ ಭೂಮಿತಾಯಿ ಮುಟ್ಟಾಗುದು ಅಂತ ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯುವ ಹಾಗಿಲ್ಲ, ಉಳುವ ಹಾಗಿಲ್ಲ, ಹಸಿ ಗಿಡ ಕಡಿಯುವ ಹಾಗಿಲ್ಲ. ಕೊನೆಗೆ ಹೆಂಗಸರು ತುಳಸಿಕಟ್ಟೆಯ ಹತ್ತಿರ ನೆಲ ಸಾರಿಸಿ ಭೂಮಿಗೆ ಎಣ್ಣೆ, ಕುಂಕುಮ ಇಡ್ತಾರೆ, ಬಾಣಂತಿ-ಹೆಂಗಸಿಗೆ ಮೀಯಿಸಿದ ಹಾಗೆ. ಮಕ್ಕಳಿಗೆ ಹುರಿದಕ್ಕಿಯ ಪುಡಿಗೆ ಬೆಲ್ಲ-ಕಾಯಿ ಹಾಕಿದ ನನ್ನೆರಿ. ಮೊಮ್ಮಗ ಕೋಲಿನಿಂದ ಅಂಗಳ ಕುಕ್ಕುವವ, ಆ ದಿನ "ಅಜ್ಜ, ಇವತ್ತು ಭೂಮಿಗೆ ನೋವಾಗ್ತದಾ" ಅಂತ ಕೋಲು ಬದಿಗಿಟ್ಟ. ಮರುದಿನ ಪುನಃ ಕುಕ್ಕಿದ, ಅದು ಬೇರೆ.

ಉಳ್ಳಾಲ_ಉಮ್ಮ

ಅಜ್ಜ, ಕೆಡ್ಡಸ ಭಾರೀ ಚಂದ. ಆದ್ರೆ ಪೆಟ್ಟು ತಿಂದದ್ದರಿಂದ ನೀವು ಒಳ್ಳೆಯವರಾದದ್ದಾ, ಪೆಟ್ಟಿನ ಮೇಲೂ ಒಳ್ಳೆಯವರಾದದ್ದಾ? ಬೇಜಾರು ಮಾಡ್ಕೊಳ್ಬೇಡಿ.

ಪುತ್ತೂರು_ಅಜ್ಜ

ಯೋಚನೆ ಮಾಡಿ ಹೇಳ್ತೇನೆ.

ಕಾರ್ಕಳ_ರೈ

ಭೂಮಿಯ ನೋವಿನ ಮಾತು ಬಂದದ್ದಕ್ಕೆ ಕೇಳುದು. ಮಗನನ್ನು ಕಂಬಳಕ್ಕೆ ಕರ್ಕೊಂಡು ಹೋಗಿದ್ದೆ. ನಮ್ಮ ಕುಟುಂಬದಲ್ಲಿ ಕೋಣ ಸಾಕಿದವರು, ಅವುಗಳಿಗೆ ಎಣ್ಣೆ ತಿಕ್ಕುದು, ಹುರುಳಿ ಬೇಯಿಸಿ ಕೊಡುದು, ಮಕ್ಕಳಿಗಿಂತ ಮೇಲೆ ನೋಡ್ಕೊಳ್ಳುದು ಎಲ್ಲ ಅವ ನೋಡಿದ್ದಾನೆ. ಕೋಣ ಓಡುವ ಕರೆಯ ಹತ್ತಿರ ನಿಂತು ಒಂದೇ ಪ್ರಶ್ನೆ: "ಅಪ್ಪ, ಅಷ್ಟು ಪ್ರೀತಿ ಇದ್ರೆ ಯಾಕೆ ಹೊಡೀತಾರೆ?" 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಕಂಬಳಕ್ಕೆ ಅವಕಾಶ ಕೊಟ್ಟ ಕಾನೂನನ್ನು ಎತ್ತಿಹಿಡಿದಿದೆ ಅಂತ ಆರು ವರ್ಷದವನಿಗೆ ಹೇಳಿ ಆಗ್ತದಾ ಮಾರಾಯ್ರೆ?

ಕುಂಜಿಬೆಟ್ಟು_ಟೀಚರ್

ವಾದ ಗೆಲ್ಲಲು ಹೋಗಬೇಡಿ. "ನಿನಗೆ ನೋವು ಅನಿಸಿದ್ದು ಸರಿ. ನನಗೂ ಕೆಲವು ಸಲ ಹಾಗೆ ಅನಿಸುತ್ತದೆ. ಹೊಡೆಯದೆ ಓಡಿಸಬೇಕು ಅನ್ನುವವರೂ ಇದ್ದಾರೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಅವನ ಪ್ರಶ್ನೆಯನ್ನು ನಗೆ ಮಾಡಿ ಹಾರಿಸಿದರೆ, ಇನ್ನೊಮ್ಮೆ ಯಾರದ್ದಾದರೂ ನೋವು ಕಂಡಾಗ ನಿಮ್ಮ ಹತ್ತಿರ ಹೇಳಲಿಕ್ಕಿಲ್ಲ.

ನಿರ್ವಾಹಕ

ಕಂಬಳ ಬೇಕಾ ಬೇಡವಾ ಎಂಬ ಜಗಳಕ್ಕೆ ಬೇರೆ ಕಡೆ ಜಾಗ ಉಂಟು. ಅದರ ಕೆಳಗೆ ಬಂದ ಹದಿನಾಲ್ಕು ಉತ್ತರ ತೆಗೆದಿದ್ದೇನೆ. ಇಲ್ಲಿ ಮಕ್ಕಳ ವಿಷಯ ಮಾತ್ರ.

ಕೊಟ್ಟಾರ_ಮೇಷ್ಟ್ರು

ಯಾರೂ ಎತ್ತದ ಒಂದು ವಿಷಯ. ನಾನು ಸರ್ಕಾರಿ ಶಾಲೆಯ ಮೇಷ್ಟ್ರು. ನಮ್ಮ ಶಾಲೆಯಲ್ಲಿ ಈಗ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ತುಂಬ. ಇಲ್ಲಿನ ಮಕ್ಕಳ ಬಾಯಲ್ಲಿ ಒಂದು ಮಾತು ಸಲೀಸಾಗಿ ಬರುತ್ತದೆ: "ಅವ ಘಟ್ಟದವ, ಅವನ ಹತ್ತಿರ ಕೂರುದಿಲ್ಲ." ಒಂದನೇ ಕ್ಲಾಸಿನ ಮಗು ಇದನ್ನು ಹೊಟ್ಟೆಯಿಂದ ಕಲಿತು ಬಂದದ್ದಲ್ಲ. ಕಾರಿನಲ್ಲಿ ಹೋಗುವಾಗ ಅಪ್ಪ, ಗೇಟಿನ ಹತ್ತಿರ ನಿಂತು ಅಜ್ಜಿ ಹೇಳಿದ್ದು. ಆಶ್ರಮಕ್ಕೆ ಹೋಗಿ ಕರುಣೆ ತೋರಿಸುವ ಮನೆಗಳಲ್ಲೇ ಪಕ್ಕದ ಸೈಟಿನ ಶೀಟಿನ ಮನೆಯ ಮಗುವಿಗೆ ಹೆಸರಿಲ್ಲ.

ಮಧ್ಯಾಹ್ನ ಬಿಸಿಯೂಟಕ್ಕೆ ನಾನು ಒಂದು ಕ್ರಮ ಮಾಡಿದ್ದೇನೆ. ಬಡಿಸುವುದು ಮಕ್ಕಳೇ, ಸರದಿಯಲ್ಲಿ, ಇಬ್ಬಿಬ್ಬರು. ಜೋಡಿ ನಾನು ಹಾಕುತ್ತೇನೆ: ಒಬ್ಬ ಇಲ್ಲಿಯವ, ಒಬ್ಬ ಅಲ್ಲಿಯವ. ಒಬ್ಬನ ಕೈಯಲ್ಲಿ ಅನ್ನದ ಸಟ್ಟುಗ, ಇನ್ನೊಬ್ಬನ ಕೈಯಲ್ಲಿ ಸಾಂಬಾರಿನ ಸೌಟು. ಯಾರಿಗೆ ಎಷ್ಟು ಬೇಕು ಅಂತ ಕೇಳಿ ಬಡಿಸಬೇಕು, ಬಡಿಸಿದವರು ಕೊನೆಗೆ ಉಣ್ಣಬೇಕು. ಕೊನೆಗೆ ಸಾಂಬಾರಿನಲ್ಲಿ ತರಕಾರಿ ಉಳಿಯದಿದ್ದರೆ ಇಬ್ಬರಿಗೂ ಒಟ್ಟಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಹಂಚಿಕೊಂಡವರು ಮರುದಿನ ಒಂದೇ ಬೆಂಚು.

ಮನೆಯಲ್ಲಿ ಹೇಳಲು ಕತೆ ಬೇಕಾದರೆ ದೂರ ಹೋಗಬೇಡಿ. ಹರೇಕಳದ ಹಾಜಬ್ಬರು ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಇಂಗ್ಲಿಷಿನಲ್ಲಿ ರೇಟು ಕೇಳಿದಾಗ ಅರ್ಥವಾಗಲಿಲ್ಲ. ತನಗೆ ಆದದ್ದು ಊರಿನ ಮಕ್ಕಳಿಗೆ ಆಗಬಾರದು ಅಂತ ಹಣ್ಣು ಮಾರಿದ ದುಡ್ಡಿನಿಂದ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿಸಿದರು, 2020ರ ಪದ್ಮಶ್ರೀ ಬಂತು. ನನ್ನ ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಕೇಳಿದ, "ಸರ್, ಒಂದು ಶಾಲೆಗೆ ಎಷ್ಟು ಕಿತ್ತಳೆ ಬೇಕು?" ಲೆಕ್ಕದ ಪೀರಿಯಡ್ ಪೂರ್ತಿ ಅದರಲ್ಲೇ ಹೋಯಿತು.

ಮಣಿಪಾಲ_ಅಮ್ಮ

ನನ್ನದು ಉಲ್ಟಾ ಸಮಸ್ಯೆ. ಮಗಳಿಗೆ ಕರುಣೆ ಜಾಸ್ತಿ. ಮಳೆಗೆ ನೆನೆಯುವ ಬೀದಿನಾಯಿ ಮರಿ ಕಂಡ್ರೆ ಎತ್ತಿ ಅಪ್ಪಿಕೊಳ್ತಾಳೆ. ಬೇಡ ಅಂದ್ರೆ "ನಿಂಗೆ ಪಾಪ ಅನ್ನಿಸುದಿಲ್ವಾ" ಅಂತ ನನಗೇ ಕೇಳ್ತಾಳೆ.

ಕುಂಜಿಬೆಟ್ಟು_ಟೀಚರ್

ಅನ್ನ ಹಾಕಲಿ, ಹಳೆ ಗೋಣಿ ಹಾಸಲಿ. ಮುಟ್ಟುವುದು ದೊಡ್ಡವರು ಇದ್ದಾಗ ಮಾತ್ರ, ತಿನ್ನುವ ನಾಯಿಯ ಹತ್ತಿರ, ಮರಿಗಳ ತಾಯಿಯ ಹತ್ತಿರ ಹೋಗುವುದೇ ಬೇಡ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ. ಬೈಗುಳದ ಹೆದರಿಕೆಯಿಂದ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ, ಅದು ದೊಡ್ಡ ಅಪಾಯ. "ಹೇಳಿದರೆ ಬೈಯುವುದಿಲ್ಲ" ಅಂತ ಮೊದಲೇ ಮಾತು ಕೊಟ್ಟಿಡಿ.

ಬಿಜೈ_ಅಮ್ಮ

ಇಷ್ಟೆಲ್ಲ ಬರೆದ ಎಲ್ಲರಿಗೂ ತುಂಬ ಉಪಕಾರ ಆಯ್ತು. ಗಂಡನಿಗೆ ಓದ್ಲಿಕ್ಕೆ ಕೊಟ್ಟೆ. ಒಳಗಿನವಳು ಅಕ್ಕನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ರು, ಆಮೇಲೆ "ಚಪ್ಪಲಿ ಪಟ್ಟಿ ಕೇಳು" ಅಂದ್ರು.

ನೀರು-ಬೆಲ್ಲ ಶುರು ಮಾಡಿದ್ದೇವೆ. ಕೆಲಸದ ಅಕ್ಕ ಬಂದ ಕೂಡ್ಲೆ ಇವ ನೀರು ಕೊಡಬೇಕು. ಅವರಿಗೆ ಸಂಕೋಚ, ನಿಂತುಕೊಂಡೇ ಕುಡೀತಾರೆ. ಅತ್ತೆಗೆ ಇದು ಅಷ್ಟು ಸರಿ ಕಾಣ್ಲಿಲ್ಲ, ಹೇಳದಿದ್ರೂ ಗೊತ್ತಾಗ್ತದೆ. ಇವ ಒಂದೊಂದು ದಿನ ಕೊಡ್ತಾನೆ, ಒಂದೊಂದು ದಿನ "ನಂಗೆ ಪುರುಸೊತ್ತಿಲ್ಲ" ಅಂತಾನೆ. "ತಾ" ಹೋಗಿ "ಕೊಡಿ" ಬಂದಿದೆ, ಅಷ್ಟು ಲಾಭ.

ಅಮ್ಮನಿಗೆ ಫೋನ್ ಮಾಡಿಸಿದೆ. ಸಾರಿ ಹೇಳು ಅಂತ ನಾನು ಹೇಳ್ಲಿಲ್ಲ, "ಅಜ್ಜಿ ಜೆಸಿಬಿ ಎಲ್ಲಿಂದ ತಂದದ್ದು ಅಂತ ಕೇಳು" ಅಂದೆ. ಅಮ್ಮ ಶುರು ಮಾಡಿದ್ರು ನೋಡಿ: ಮೂಲ್ಕಿ ಪೇಟೆಯ ಅಂಗಡಿ, ಹಳದಿಯದ್ದು ಇರ್ಲಿಲ್ಲ, ಅಂಗಡಿಯವ ಏಣಿ ಹತ್ತಿ ಮೇಲಿನಿಂದ ತೆಗೆದದ್ದು, ಬಸ್ಸಿನಲ್ಲಿ ಒಬ್ಬರು ಅದರ ಮೇಲೆ ಕೂತುಬಿಟ್ಟದ್ದು. ಇವ ಬಿದ್ದು ಬಿದ್ದು ನಕ್ಕ. ರಿಮೋಟ್ ಬೇಕು ಅನ್ನುವ ಹಠ ಈಗಲೂ ಉಂಟು, ಆದ್ರೆ ಜೆಸಿಬಿ ಬಾಲ್ಕನಿಯ ಕುಂಡದ ಮಣ್ಣಲ್ಲಿ ಕೆಲಸಕ್ಕೆ ಹತ್ತಿದೆ.

ಇನ್ನೊಂದು ಸಣ್ಣ ಪ್ರಶ್ನೆ. ದೀಪಾವಳಿಗೆ ಸ್ಕೂಲ್ ವ್ಯಾನಿನ ಅಂಕಲ್‌ಗೆ ಇವನ ಕೈಯಿಂದ ಏನಾದ್ರೂ ಕೊಡಿಸ್ಬೇಕು ಅಂತ ಉಂಟು. ಸ್ವೀಟಾ, ಹಣವಾ?

ಮಲ್ಪೆ_ಬಂದರ್

ಹಣ. ಸ್ವೀಟ್ ಬಾಕ್ಸ್ ಎಲ್ಲ ಮನೆಯಿಂದಲೂ ಬಂದಿರ್ತದೆ.

ವ್ಯಾನ್_ಅಂಕಲ್ (ಪಡೀಲ್)

ನಾನು ವ್ಯಾನ್ ಓಡಿಸುವವನೇ, ಆದ್ದರಿಂದ ಹೇಳ್ತೇನೆ. ಹಣ ಬೇಡ ಅಂತ ನಾನು ಹೇಳುದಿಲ್ಲ ಅಕ್ಕ, ಸುಳ್ಳು ಆಗ್ತದೆ. ಆದ್ರೆ ವರ್ಷ ಪೂರ್ತಿ ಒಂದು ಮಾಡಿ. ಹಾರ್ನ್ ಹಾಕುವ ಮೊದಲೇ ಮಗು ಶೂ ಹಾಕ್ಕೊಂಡು ಗೇಟಿನ ಹತ್ತಿರ ಇರ್ಲಿ. ಒಂದೊಂದು ಮನೆಯಲ್ಲಿ ಐದೈದು ನಿಮಿಷ ಕಾದ್ರೆ ಕೊನೆಗೆ ಹತ್ತುವ ಮಗುವಿಗೆ ಅಸೆಂಬ್ಲಿ ತಪ್ತದೆ, ಬೈಗುಳ ಆ ಮಗುವಿಗೆ ಅರ್ಧ, ನನಗೆ ಅರ್ಧ. ಕೊನೆಯ ಸ್ಟಾಪಿನ ಮಗು ಯಾರು ಅಂತ ನಿಮ್ಮ ಮಗನಿಗೆ ಗೊತ್ತುಂಟು, ಅವನ ಹತ್ತಿರವೇ ಕೇಳಿ.